ಒಂಟಿಕಾಲಿನ ಮೇಲೆ 32 ಸುತ್ತು

'ಸ್ವಾನ್ ಲೇಕ್' ಬ್ಯಾಲೆಯ ಮೂರನೆಯ ಅಂಕದಲ್ಲಿ, ಕಪ್ಪು ಉಡುಗೆಯ ಒಡೀಲ್ ಎಂಬ ಪಾತ್ರ ವೇದಿಕೆಯ ನಡುವೆ ನಿಂತು ಒಂದೇ ಕಾಲಿನ ತುದಿಯ ಮೇಲೆ ಒಂದೇ ಸಮನೆ 32 ಸಲ ಸುತ್ತುತ್ತಾಳೆ. ಈ ಸುತ್ತಿಗೆ ಫುಯೆತೆ ಎಂದು ಹೆಸರು. ಚಾಟಿಯಂತೆ ಬೀಸುವುದು ಎಂಬುದು ಆ ಫ್ರೆಂಚ್ ಮಾತಿನ ಮೂಲ. ಬೀಸುವುದು ಗಾಳಿಯಲ್ಲಿರುವ ಇನ್ನೊಂದು ಕಾಲು. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ ಮಾರಿಯಸ್ ಪೆಟಿಪಾ ಮತ್ತು ಲೆವ್ ಇವಾನೊವ್ ಈ ಬ್ಯಾಲೆಯನ್ನು ಹೊಸದಾಗಿ ಕಟ್ಟಿದಾಗ ಒಡೀಲ್ ಆಗಿದ್ದವರು ಇಟಲಿಯ ಪಿಯೆರಿನಾ ಲೆನ್ಯಾನಿ. ಎರಡು ವರ್ಷ ಮೊದಲು, 1893ರಲ್ಲಿ, ಅದೇ ಊರಿನಲ್ಲಿ 'ಸಿಂಡರೆಲ್ಲಾ' ಬ್ಯಾಲೆಯಲ್ಲಿ ಅವರು ಈ 32 ಸುತ್ತುಗಳನ್ನು ಹಾಕಿ ನೋಡುಗರನ್ನು ದಂಗುಬಡಿಸಿದ್ದರು. ಆಮೇಲೆ ರಷ್ಯಾದ ಮತಿಲ್ದಾ ಕ್ಷೆಸಿನ್‌ಸ್ಕಾಯಾ ಇದನ್ನು ಕಲಿತರು. ಇವತ್ತು ದೊಡ್ಡ ತಂಡದ ಮುಖ್ಯ ನರ್ತಕಿಗೆ ಇದು ತಪ್ಪಿಸಿಕೊಳ್ಳಲಾಗದ ಪರೀಕ್ಷೆ.

32 ಸುತ್ತು ಮುಗಿಯಲು ಒಂದು ನಿಮಿಷ ಕೂಡ ಬೇಕಿಲ್ಲ. ಅಂದರೆ ಒಂದೊಂದು ಸುತ್ತಿಗೆ ಪೂರ್ತಿ ಎರಡು ಸೆಕೆಂಡು ಕೂಡ ಸಿಗುವುದಿಲ್ಲ. ಅಷ್ಟರಲ್ಲಿ ಮೂಳೆ, ಸ್ನಾಯು, ನರ, ಕಣ್ಣು, ಒಳಕಿವಿ, ಶ್ವಾಸಕೋಶ, ಹೃದಯ ಎಲ್ಲವೂ ಒಂದರ ಕೆಲಸಕ್ಕೆ ಇನ್ನೊಂದು ಹೊಂದಿಕೊಂಡು ನಡೆಯಬೇಕು. ದೇಹದ ವ್ಯವಸ್ಥೆಗಳನ್ನು ಶಾಲೆಯ ಪಾಠದಲ್ಲಿ ಬೇರೆಬೇರೆ ಅಧ್ಯಾಯಗಳಾಗಿ ಓದಿದವರು ಈ ಒಂದು ನಿಮಿಷವನ್ನು ಗಮನವಿಟ್ಟು ನೋಡಬೇಕು. ಇಲ್ಲಿ ತಪ್ಪು ಕಾಣಿಸುವ ಜಾಗವೇ ಬೇರೆ, ಅದು ಹುಟ್ಟಿದ ಜಾಗವೇ ಬೇರೆ. ಪಾದ ನೋಯುತ್ತಿದ್ದರೆ ಸೊಂಟದ ಚಪ್ಪೆಯನ್ನು ನೋಡಬೇಕಾಗಬಹುದು. ತಲೆ ತಿರುಗುತ್ತಿದ್ದರೆ ಉಸಿರನ್ನು ನೋಡಬೇಕಾಗಬಹುದು.

ಮೊದಲು ಸುತ್ತಿನ ಅಂಗರಚನೆ. ಎಡಗಾಲ ಮೇಲೆ ನಿಂತವಳು ಆ ಮೊಣಕಾಲನ್ನು ಬಗ್ಗಿಸುತ್ತಾಳೆ, ಇದು ಪ್ಲಿಯೆ. ಅದೇ ಹೊತ್ತಿಗೆ ಬಲಗಾಲು ಹೊರಕ್ಕೆ ಚಾಚಿಕೊಳ್ಳುತ್ತದೆ. ರಷ್ಯನ್ ಪದ್ಧತಿಯಲ್ಲಿ ಕಾಲು ನೇರವಾಗಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಇನ್ನೊಂದು ಪದ್ಧತಿಯಲ್ಲಿ ಮೊದಲು ಮುಂದಕ್ಕೆ ಚಾಚಿ ಅಲ್ಲಿಂದ ಪಕ್ಕಕ್ಕೆ ಸಾಗುತ್ತದೆ. ಆಮೇಲೆ ಎಡಗಾಲು ನೆಲವನ್ನು ಒತ್ತಿ ತುದಿಯ ಮೇಲೇರುತ್ತದೆ, ಬಲಗಾಲು ಮಡಿಚಿಕೊಂಡು ಅದರ ಪಾದ ಎಡ ಮೊಣಕಾಲಿಗೆ ಬಂದು ತಾಗುತ್ತದೆ, ತೆರೆದ ಕೈಗಳು ಎದೆಯ ಮುಂದೆ ಸೇರುತ್ತವೆ. ಚಾಚಿದ ಕಾಲು ಒಳಗೆ ಬಂದಷ್ಟೂ ದೇಹ ಬೇಗ ತಿರುಗುತ್ತದೆ. ತಿರುಗುವ ಕುರ್ಚಿಯಲ್ಲಿ ಕುಳಿತು ಕೈ ಚಾಚಿ ಸುತ್ತಿ, ಥಟ್ಟನೆ ಎದೆಗೆ ಎಳೆದುಕೊಂಡು ನೋಡಿದವರಿಗೆ ಇದು ಗೊತ್ತು. ಕಾಲನ್ನು ಮುಂದಿನಿಂದ ಪಕ್ಕಕ್ಕೆ ಸಾಗಿಸುವ ಪದ್ಧತಿಯಲ್ಲಿ ಇನ್ನೊಂದು ಸೊಗಸಿದೆ: ನರ್ತಕಿ ಸಭೆಯತ್ತ ಮುಖಮಾಡಿ ಅರೆಗಳಿಗೆ ನಿಂತಂತೆ ಕಂಡರೂ ಸುತ್ತಿನ ವೇಗ ಎಲ್ಲಿಗೂ ಹೋಗಿರುವುದಿಲ್ಲ, ಅದು ಪಕ್ಕಕ್ಕೆ ಸಾಗುತ್ತಿರುವ ಕಾಲಿನಲ್ಲಿ ಇರುತ್ತದೆ.

ಆದರೂ ಪ್ರತಿ ಸುತ್ತಿನಲ್ಲಿ ಸ್ವಲ್ಪ ವೇಗ ಸೋರಿಹೋಗುತ್ತದೆ. ಅದನ್ನು ತುಂಬಿಕೊಳ್ಳುವುದು ಹಿಮ್ಮಡಿ ನೆಲಕ್ಕೆ ತಾಗಿದ ಆ ಪ್ಲಿಯೆಯ ಕ್ಷಣದಲ್ಲಿ ಮಾತ್ರ. ಬೂಟಿನ ಪುಟ್ಟ ತುದಿಯ ಮೇಲೆ ನಿಂತು ನೆಲವನ್ನು ತಿರುಚಲು ಆಗುವುದಿಲ್ಲ, ಹಿಡಿತವೇ ಇಲ್ಲ. ಇಡೀ ಅಂಗಾಲು ಊರಿದಾಗ ಮುಂಗಾಲು ಮತ್ತು ಹಿಮ್ಮಡಿಯ ನಡುವಿನ ಅಂತರವೇ ಸನ್ನೆಗೋಲಾಗಿ ತಿರುಚುವ ಬಲ ಹುಟ್ಟುತ್ತದೆ. ಹಾಗಾಗಿ ಹಿಮ್ಮಡಿ ಪೂರ್ತಿ ಇಳಿಯದ ಫುಯೆತೆ ಕೆಲವೇ ಸುತ್ತಿನಲ್ಲಿ ಬಡವಾಗುತ್ತದೆ. ಆಗ ನರ್ತಕಿ ಭುಜವನ್ನು ಎಸೆದು ಸುತ್ತಲು ನೋಡುತ್ತಾಳೆ. ಭುಜ ಎಸೆದರೆ ಅಕ್ಷ ಓರೆಯಾಗುತ್ತದೆ, ಅಕ್ಷ ಓರೆಯಾದರೆ ಆಕೆ ನಿಂತಲ್ಲಿ ನಿಲ್ಲದೆ ಮುಂದೆ ಮುಂದೆ ಸರಿಯುತ್ತಾಳೆ. ನೋಡುಗರಿಗೆ ಕಾಣುವುದು ಆ ಸರಿಯುವಿಕೆ. ಅದರ ಬೇರು ದಣಿದ ಮೀನಖಂಡದಲ್ಲಿದೆ.

ಮೀನಖಂಡದ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಲ್ಲಿ ಎರಡು ಸ್ನಾಯುಗಳಿವೆ. ಮೇಲಿನದು, ಗ್ಯಾಸ್ಟ್ರೊನೀಮಿಯಸ್, ಮೊಣಕಾಲು ಮತ್ತು ಕಣಕಾಲು ಎರಡನ್ನೂ ದಾಟುತ್ತದೆ. ಅದರಡಿಯ ಸೋಲಿಯಸ್ ಕಣಕಾಲನ್ನಷ್ಟೇ ದಾಟುತ್ತದೆ. ಮೊಣಕಾಲು ಬಗ್ಗಿದಾಗ ಮೊದಲನೆಯದು ಸಡಿಲವಾಗಿ ಭಾರವೆಲ್ಲ ಸೋಲಿಯಸ್ ಮೇಲೆ ಬೀಳುತ್ತದೆ. ಎರಡೂ ಕೆಳಗೆ ಒಂದಾಗಿ ಅಕಿಲೀಸ್ ಸ್ನಾಯುರಜ್ಜುವಾಗುತ್ತವೆ. ಪ್ಲಿಯೆಯಲ್ಲಿ ಈ ರಜ್ಜು ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ಹಿಡಿದಿಟ್ಟು, ಏರುವಾಗ ಹಿಂದಿರುಗಿಸುತ್ತದೆ. ಕೆಳಗೆ ತುಂಬ ಹೊತ್ತು ಕುಳಿತುಬಿಟ್ಟರೆ ಆ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ, ಸ್ನಾಯು ತನ್ನ ಕಿಸೆಯಿಂದಲೇ ಖರ್ಚು ಮಾಡಬೇಕಾಗುತ್ತದೆ. ಆದ್ದರಿಂದ ಪ್ಲಿಯೆ ಆಳವೂ ಇರಬೇಕು, ಎಲ್ಲೂ ನಿಲ್ಲಲೂ ಬಾರದು. ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು 25 ಸಲ ಮಾಡಲು ಆಗಬೇಕು ಎನ್ನುವುದು ಫಿಸಿಯೋಥೆರಪಿಯಲ್ಲಿ ಸಾಮಾನ್ಯ ಮನುಷ್ಯರಿಗೆ ಇಟ್ಟ ಅಳತೆ. ಒಡೀಲ್ 32 ಸಲ ಏರುವುದು ತುತ್ತತುದಿಗೆ, ಅದೂ ಸುತ್ತುತ್ತಾ, ಅದೂ ದೀರ್ಘವಾದ ಜೋಡಿನೃತ್ಯ ಮತ್ತು ಒಂದು ಏಕನೃತ್ಯ ಮುಗಿಸಿದ ಮೇಲೆ.

ಈಗ ಪಾದ. 26 ಮೂಳೆ, 33 ಕೀಲು. ತುದಿಗಾಲಲ್ಲಿ ನಿಂತಾಗ ಕಣಕಾಲ ಮೂಳೆಯಿಂದ ಬೆರಳಿನವರೆಗೆ ಇವೆಲ್ಲ ಒಂದು ಕಂಬದಂತೆ ಜೋಡಣೆಯಾಗಬೇಕು. ತುದಿಗಾಲಲ್ಲಿ ನಿಲ್ಲಲು ತೊಡುವ ಪ್ವಾಂಟ್ ಬೂಟಿನೊಳಗೆ ಮರದ ತುಂಡು ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಾಂಪ್ರದಾಯಿಕ ಬೂಟಿನ ಮೂತಿ ಬಟ್ಟೆ, ಕಾಗದ, ಅಂಟುಗಳನ್ನು ಪದರಪದರವಾಗಿ ಒತ್ತಿ ಒಣಗಿಸಿದ್ದು. ಅಂಗಾಲಿನ ಕೆಳಗೆ ಒಂದು ಗಟ್ಟಿ ಪಟ್ಟಿ. ಬೂಟು ಬೆರಳುಗಳನ್ನು ಒಟ್ಟಾಗಿ ಅಪ್ಪಿ ಹಿಡಿಯುತ್ತದೆ ಅಷ್ಟೇ, ಮೇಲೆತ್ತುವ ಕೆಲಸ ದೇಹದ್ದೇ.

ಆ ಕೆಲಸದಲ್ಲಿ ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಒಂದು ಸ್ನಾಯು ದೊಡ್ಡ ಪಾಲು ಹೊರುತ್ತದೆ: ಹೆಬ್ಬೆರಳನ್ನು ಮಡಿಸುವ ಉದ್ದ ಸ್ನಾಯು. ಅದರ ಒಡಲು ಮೊಣಕಾಲ ಕೆಳಗೆ, ಕಾಲಿನ ಹಿಂಬದಿಯಲ್ಲಿದೆ. ರಜ್ಜು ಕಣಕಾಲಿನ ಒಳಗಂಟಿನ ಹಿಂದೆ ಇಕ್ಕಟ್ಟಾದ ಸುರಂಗದಲ್ಲಿ ನುಸುಳಿ, ಅಂಗಾಲಿನಡಿ ಹಾದು ಹೆಬ್ಬೆರಳ ತುದಿಗೆ ಹೋಗುತ್ತದೆ. ತುದಿಗಾಲಲ್ಲಿ ನಿಂತಾಗ ಕಣಕಾಲು ಅತ್ತಿತ್ತ ವಾಲದಂತೆ ಹಿಡಿಯುವುದು ಇದೇ. ಪ್ರತಿ ಏರಿಳಿತಕ್ಕೂ ಇದು ಸುರಂಗದಲ್ಲಿ ಹಿಂದೆ ಮುಂದೆ ಜಾರುತ್ತದೆ. ಹೆಚ್ಚು ಉಜ್ಜಿದರೆ ಊದಿಕೊಳ್ಳುತ್ತದೆ, ಕೆಲವೊಮ್ಮೆ ಗಂಟಾಗಿ ಸಿಕ್ಕಿಹಾಕಿಕೊಂಡು ಹೆಬ್ಬೆರಳು ಟಕ್ಕೆಂದು ಸದ್ದು ಮಾಡುತ್ತದೆ. ನೋವು ಕಣಕಾಲಿನ ಹಿಂದೆ, ಒಳಬದಿಯಲ್ಲಿ ಬರುವುದರಿಂದ ಅಕಿಲೀಸ್ ನೋವು ಎಂದು ತಪ್ಪು ತಿಳಿದು ಮೀನಖಂಡವನ್ನು ಮತ್ತಷ್ಟು ಎಳೆಯುವವರಿದ್ದಾರೆ. ಪರೀಕ್ಷೆ ಸುಲಭ: ಹೆಬ್ಬೆರಳನ್ನು ಮಾತ್ರ ತಡೆಯ ವಿರುದ್ಧ ಮಡಿಸಿದಾಗ ಅಲ್ಲಿ ನೋವು ಬಂದರೆ ಮೊದಲು ಅನುಮಾನಪಡಬೇಕಾದ್ದು ಈ ಸ್ನಾಯುವನ್ನು. ಅಕಿಲೀಸ್ ನೋವು ಹಿಮ್ಮಡಿಯ ನೇರ ಹಿಂದೆ, ಆ ದಪ್ಪ ಹಗ್ಗವನ್ನು ಬೆರಳಲ್ಲಿ ಚಿವುಟಿದಾಗ ಸಿಗುತ್ತದೆ.

ಆ ರಜ್ಜು ಅಷ್ಟು ಉಜ್ಜಲು ಸಾಮಾನ್ಯ ಕಾರಣವೊಂದು ಚಪ್ಪೆಯಲ್ಲಿದೆ. ಬ್ಯಾಲೆಯಲ್ಲಿ ಎರಡೂ ಕಾಲು ಹೊರಕ್ಕೆ ತಿರುಗಿರಬೇಕು, ಇದು ಟರ್ನ್‌ಔಟ್. ಪಾದಗಳೆರಡೂ ಒಂದೇ ಗೆರೆಯಲ್ಲಿ, 180 ಡಿಗ್ರಿಯಲ್ಲಿ ನಿಲ್ಲುವುದು ಆದರ್ಶ. ಆದರೆ ಚಪ್ಪೆಯ ಕೀಲಿನಿಂದಲೇ ಪೂರ್ತಿ 90 ಡಿಗ್ರಿ ತಿರುಗುವವರು ಬಲು ಅಪರೂಪ. ತೊಡೆಮೂಳೆಯ ಕತ್ತಿನ ಕೋನ, ಕೀಲುಗುಳಿಯ ಆಳ ಮತ್ತು ದಿಕ್ಕು ಇವು ಹುಟ್ಟಿನಿಂದ ಬಂದವು, ತರಬೇತಿಯಿಂದ ಅಷ್ಟಾಗಿ ಬದಲಾಗುವುದಿಲ್ಲ. ಬದಲಾಗುವುದು ಪೃಷ್ಠದ ಆಳದಲ್ಲಿರುವ ಆರು ಚಿಕ್ಕ ಸ್ನಾಯುಗಳ ಬಲ. ಅವು ಸೋತಾಗ ನರ್ತಕಿ ಪಾದವನ್ನು ನೆಲಕ್ಕೆ ಕಚ್ಚಿಸಿ, ಮಿಕ್ಕ ತಿರುವನ್ನು ಮೊಣಕಾಲು ಮತ್ತು ಕಣಕಾಲಿನಿಂದ ಕದಿಯುತ್ತಾಳೆ. ಮೊಣಕಾಲಿನ ಒಳಬದಿಯ ಅಸ್ಥಿರಜ್ಜು ಎಳೆಯುತ್ತದೆ, ಪಾದದ ಕಮಾನು ಒಳಕ್ಕೆ ಕುಸಿಯುತ್ತದೆ, ಕುಸಿದ ಕಮಾನಿನಡಿ ಹೆಬ್ಬೆರಳಿನ ರಜ್ಜು ಸೆಟೆದು ಉಜ್ಜುತ್ತದೆ. ಪಾದಕ್ಕೆ ಐಸ್ ಇಟ್ಟರೆ ಆ ದಿನಕ್ಕೆ ಹಿತವಾಗಬಹುದು, ಚಪ್ಪೆಯನ್ನು ತಿದ್ದದೆ ನೋವು ಮರಳಿ ಬರುತ್ತದೆ.

ಭರತನಾಟ್ಯ ಬಲ್ಲವರಿಗೆ ಇದು ಪರಿಚಿತ ಸಂಗತಿ. ಅರೆಮಂಡಿಯಲ್ಲೂ ತೊಡೆ ಹೊರತಿರುಗಿ, ಮೊಣಕಾಲು ಪಕ್ಕಕ್ಕೆ ಹೋಗಬೇಕು. ಮೊಣಕಾಲು ಮುಂದೆ ಬಂದು ಪಾದ ಮಾತ್ರ ಪಕ್ಕಕ್ಕೆ ತಿರುಗಿದ ಅರೆಮಂಡಿಯ ಪೆಟ್ಟು ಬೀಳುವುದು ಇದೇ ಮೊಣಕಾಲಿಗೆ. ಎರಡೂ ನೃತ್ಯಕ್ಕೆ ಒಂದೇ ಅಳತೆಗೋಲು: ಬಗ್ಗಿದ ಮೊಣಕಾಲಿನಿಂದ ದಾರ ಇಳಿಬಿಟ್ಟರೆ ಅದು ಪಾದದ ಎರಡನೆಯ ಬೆರಳಿನ ನೇರಕ್ಕೆ ಬರಬೇಕು. ಬರದಿದ್ದರೆ ಪಾದದ ತಿರುವನ್ನು ಕಡಿಮೆ ಮಾಡಿ. 140 ಡಿಗ್ರಿಯ ಪ್ರಾಮಾಣಿಕ ಟರ್ನ್‌ಔಟ್ 180ರ ಕದ್ದ ಟರ್ನ್‌ಔಟ್‌ಗಿಂತ ನೋಡಲೂ ಚೆಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ತಲೆ ತಿರುಗುವ ವಿಷಯ. ಚಿಕ್ಕಂದಿನಲ್ಲಿ ಅಪ್ಪಾಲೆ ತಿಪ್ಪಾಲೆ ಆಡಿದವರಿಗೆಲ್ಲ ಇದರ ರುಚಿ ಗೊತ್ತು: ನಿಂತ ಮೇಲೂ ಅಂಗಳ ತಿರುಗುತ್ತಲೇ ಇರುತ್ತದೆ. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಒಳಗೆ ದ್ರವ, ದ್ರವಕ್ಕೆ ಅಡ್ಡಲಾಗಿ ಒಂದು ಮೆತ್ತನೆಯ ಪರದೆ. ತಲೆ ತಿರುಗತೊಡಗಿದಾಗ ದ್ರವ ಹಿಂದುಳಿದು ಪರದೆಯನ್ನು ಬಾಗಿಸುತ್ತದೆ, ನರ ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಸುತ್ತುತ್ತಲೇ ಇದ್ದರೆ ದ್ರವವೂ ಅದೇ ವೇಗ ಹಿಡಿಯುತ್ತದೆ. ಥಟ್ಟನೆ ನಿಂತಾಗ ದ್ರವ ನಿಲ್ಲುವುದಿಲ್ಲ, ಪರದೆಯನ್ನು ಎದುರು ದಿಕ್ಕಿಗೆ ಬಾಗಿಸುತ್ತದೆ. ನಿಂತ ದೇಹ ತಿರುಗುತ್ತಿದೆ ಎಂದು ಕಿವಿ ಹೇಳುತ್ತದೆ, ಇಲ್ಲ ಎಂದು ಕಣ್ಣು ಹೇಳುತ್ತದೆ. ತಲೆಸುತ್ತು ಹುಟ್ಟುವುದು ಈ ಜಗಳದಲ್ಲಿ.

ಇದಕ್ಕೆ ನರ್ತಕಿಯರು ಕಂಡುಕೊಂಡ ಉಪಾಯ ಸ್ಪಾಟಿಂಗ್. ಸಭಾಂಗಣದ ಹಿಂಬದಿಯಲ್ಲಿ ಕಣ್ಣಿನ ಮಟ್ಟದ ಒಂದು ಗುರುತು ಹಿಡಿಯಬೇಕು. ಹಲವು ರಂಗಮಂದಿರಗಳಲ್ಲಿ ಅದಕ್ಕೆಂದೇ ನಟ್ಟನಡುವೆ ಪುಟ್ಟ ದೀಪ ಇರುತ್ತದೆ. ದೇಹ ತಿರುಗತೊಡಗಿದರೂ ಮುಖ ಅಲ್ಲೇ ಉಳಿಯುತ್ತದೆ. ಗಲ್ಲ ಭುಜದ ಮೇಲೆ ಬಂದು ಇನ್ನು ಕತ್ತು ತಿರುಗದು ಎಂದಾದಾಗ ತಲೆ ಝಾಡಿಸಿದಂತೆ ಸುತ್ತಿ, ದೇಹಕ್ಕಿಂತ ಮೊದಲೇ ಅದೇ ಗುರುತಿಗೆ ಬಂದು ನಿಲ್ಲುತ್ತದೆ. ತಲೆ ಪ್ರತಿ ಸುತ್ತಿಗೂ ಒಮ್ಮೆ ನಿಲ್ಲುವುದರಿಂದ ಕಿವಿಯ ದ್ರವಕ್ಕೆ ಒಂದೇ ವೇಗ ಹಿಡಿಯಲು ಬಿಡುವಿಲ್ಲ. ಜೊತೆಗೆ ಕಣ್ಣಿಗೆ ದಿಕ್ಕು ತಪ್ಪುವುದಿಲ್ಲ. ವರ್ಷಗಟ್ಟಲೆ ಅಭ್ಯಾಸದಿಂದ ಮಿದುಳೂ ಬದಲಾಗುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ಯಾಲೆ ನರ್ತಕಿಯರನ್ನು ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳ ಜೊತೆ ಹೋಲಿಸಿದ್ದರು. ಕತ್ತಲಲ್ಲಿ ಕುರ್ಚಿ ಸುತ್ತಿಸಿ ನಿಲ್ಲಿಸಿದಾಗ ನರ್ತಕಿಯರಿಗೆ ತಿರುಗಿದ ಭಾವ ಬೇಗ ಇಳಿಯಿತು, ಒಳಕಿವಿಯ ಸಂಕೇತವನ್ನು ಸಂಸ್ಕರಿಸುವ ಕಿರುಮೆದುಳಿನ ಭಾಗ ಅವರಲ್ಲಿ ಚಿಕ್ಕದಾಗಿತ್ತು. ಕಿವಿಯ ದೂರಿಗೆ ಅಷ್ಟಾಗಿ ಕಿವಿಗೊಡದಿರುವುದನ್ನು ಮಿದುಳು ಕಲಿತಿರುತ್ತದೆ.

ಕಣ್ಣಿಗೆ ಇನ್ನೊಂದು ಮಿತಿಯಿದೆ. ಕಣ್ಣು ಕಂಡದ್ದಕ್ಕೆ ಸ್ನಾಯು ಪ್ರತಿಕ್ರಿಯಿಸಲು ಸುಮಾರು 200 ಮಿಲಿಸೆಕೆಂಡ್ ಬೇಕು. ವಾಲುತ್ತಿರುವ ಕಣಕಾಲನ್ನು ಸರಿಪಡಿಸಲು ಅದು ತೀರಾ ತಡ. ಆ ಕೆಲಸವನ್ನು ಸ್ನಾಯು, ರಜ್ಜು, ಕೀಲುಗಳ ಒಳಗಿರುವ ಸಂವೇದಕಗಳು ಬೆನ್ನುಹುರಿಯ ಮಟ್ಟದಲ್ಲೇ ಅದಕ್ಕಿಂತ ಎಷ್ಟೋ ಬೇಗ ಮುಗಿಸುತ್ತವೆ. ಕಣಕಾಲು ಉಳುಕಿದಾಗ ಅಸ್ಥಿರಜ್ಜಿನ ಜೊತೆ ಈ ಸಂವೇದನೆಯೂ ಕೆಡುತ್ತದೆ. ಊತ ಇಳಿಯಿತು, ನೋವು ಹೋಯಿತು ಎಂದು ಪ್ವಾಂಟ್ ಹತ್ತಿದವರಿಗೆ ಅದೇ ಕಣಕಾಲು ಮತ್ತೆ ಉಳುಕುವುದು ಇದಕ್ಕೇ. ಬರಿಗಾಲಲ್ಲಿ, ಒಂಟಿಕಾಲಲ್ಲಿ, ಕಣ್ಣು ಮುಚ್ಚಿ 30 ಸೆಕೆಂಡು ನಿಲ್ಲಲು ಆಗದಿದ್ದರೆ ತುದಿಗಾಲಿನ ಅಭ್ಯಾಸಕ್ಕೆ ಇನ್ನೂ ಸಮಯ ಬಂದಿಲ್ಲ ಎಂದೇ ಹೇಳುತ್ತೇನೆ. ದಿನವಿಡೀ ಕನ್ನಡಿ ನೋಡಿಕೊಂಡೇ ಅಭ್ಯಾಸ ಮಾಡುವವರು ವೇದಿಕೆಯಲ್ಲಿ ತಡವರಿಸುವುದಕ್ಕೂ ಇದೇ ಕಾರಣ. ಕನ್ನಡಿಯಿದ್ದಾಗ ದೇಹ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ.

ಉಸಿರಿಗೆ ಬರೋಣ. ವಪೆ ಎಂಬ ಸ್ನಾಯುವಿಗೆ ಎರಡು ನೌಕರಿ: ಗಾಳಿ ಎಳೆದುಕೊಳ್ಳುವುದು, ಹೊಟ್ಟೆಯೊಳಗಿನ ಒತ್ತಡ ಕಾಯ್ದುಕೊಂಡು ಬೆನ್ನನ್ನು ನೆಟ್ಟಗೆ ಇಡುವುದು. ಕಷ್ಟದ ಸುತ್ತು ಬಂದಾಗ ದೇಹ ಎರಡನೆಯದನ್ನು ಆರಿಸಿಕೊಂಡು ಉಸಿರು ಕಟ್ಟುತ್ತದೆ. ನಾಲ್ಕೈದು ಸುತ್ತಿನವರೆಗೆ ಇದು ನಡೆಯುತ್ತದೆ. ಆಮೇಲೆ ಗಾಳಿಗಾಗಿ ಕತ್ತಿನ ಸ್ನಾಯುಗಳು ಪಕ್ಕೆಲುಬನ್ನು ಮೇಲೆಳೆಯತೊಡಗುತ್ತವೆ, ಭುಜ ಕಿವಿಯತ್ತ ಏರುತ್ತದೆ. ಬಿಗಿದ ಕತ್ತು ಸ್ಪಾಟಿಂಗ್ ಅನ್ನು ನಿಧಾನ ಮಾಡುತ್ತದೆ; ತಲೆ ತಡವಾಗಿ ಬಂದರೆ ಗುರುತು ಮಸುಕಾಗುತ್ತದೆ, ಒಳಕಿವಿಯ ಸುತ್ತು ಮೇಲುಗೈ ಪಡೆಯುತ್ತದೆ. ತಲೆಸುತ್ತಿಗೆ ಉಸಿರನ್ನು ನೋಡಿ ಎಂದು ಮೊದಲೇ ಹೇಳಿದ್ದು ಇದಕ್ಕೆ. ಬಿಗಿಯಾದ ರವಿಕೆಯ ಉಡುಪಿನಲ್ಲಿ ಹೊಟ್ಟೆ ಉಬ್ಬಿಸಿ ಉಸಿರಾಡಲು ಜಾಗವಿರುವುದಿಲ್ಲ. ಪಕ್ಕೆಲುಬುಗಳು ಹಿಂದಕ್ಕೂ ಪಕ್ಕಕ್ಕೂ ಅಗಲವಾಗುವಂತೆ ಅಭ್ಯಾಸ ಮಾಡಬೇಕು. ಏರುವಾಗ ಬಿಡುವುದು, ಪ್ಲಿಯೆಯಲ್ಲಿ ಎಳೆದುಕೊಳ್ಳುವುದು ಎಂದಿಟ್ಟುಕೊಂಡರೆ ಸುತ್ತಿಗೊಂದು ಉಸಿರಾಗುತ್ತದೆ, ಇಷ್ಟು ಶ್ರಮಕ್ಕೆ ಅದು ಸರಿಯಾದ ಲೆಕ್ಕವೇ. ಉಡುಪು ತೊಟ್ಟೇ ಕೆಲವು ದಿನ ತಾಲೀಮು ಮಾಡದಿದ್ದರೆ ಪ್ರದರ್ಶನದ ದಿನ ಈ ಲೆಕ್ಕ ಕೈಕೊಡುತ್ತದೆ.

ಸ್ನಾಯುವಿನ ಇಂಧನದ ಕತೆ ಚಿಕ್ಕದು. ಕೂಡಲೇ ಸಿಗುವ ಫಾಸ್ಫೇಟ್ ಇಂಧನ ಸುಮಾರು 10 ಸೆಕೆಂಡಿಗೆ ಸಾಕು, ಅಂದರೆ ಮೊದಲ ಕೆಲವು ಸುತ್ತಿಗೆ. ನಂತರ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಆಮ್ಲಜನಕಕ್ಕೆ ಕಾಯದೆ ಒಡೆಯುತ್ತದೆ. ಇದು ಬಲ ಕೊಡುತ್ತದೆ, ಆದರೆ ಸ್ನಾಯುವಿನೊಳಗೆ ಆಮ್ಲತೆ ಏರಿಸುತ್ತದೆ. ಇಪ್ಪತ್ತನೆಯ ಸುತ್ತಿನ ಹೊತ್ತಿಗೆ ಮೀನಖಂಡ ಉರಿಯುವುದು ಈ ಹಂತದ ಗುರುತು. ಹೃದಯ ಆಗ ತನ್ನ ಗರಿಷ್ಠ ಬಡಿತದ ಹತ್ತಿರ ಇರುತ್ತದೆ. ವಿಚಿತ್ರವೆಂದರೆ ದಿನನಿತ್ಯದ ಬ್ಯಾಲೆ ತರಗತಿ ಹೃದಯವನ್ನು ಇದಕ್ಕೆ ಸಿದ್ಧಪಡಿಸುವುದಿಲ್ಲ. ಒಂದೂವರೆ ಗಂಟೆಯ ತರಗತಿಯಲ್ಲಿ ಬಾರ್ ಎಂಬ ಅಡ್ಡಕಂಬಿ ಹಿಡಿದು ಮಾಡುವ ಒಂದೊಂದು ಅಭ್ಯಾಸವೂ ಒಂದೆರಡು ನಿಮಿಷದ್ದು, ನಡುನಡುವೆ ಬಿಡುವು. ಆದ್ದರಿಂದ ವಾರಕ್ಕೆ ಎರಡು ಮೂರು ದಿನ, 20ರಿಂದ 30 ನಿಮಿಷ ಈಜು ಅಥವಾ ಸೈಕಲ್ ಸೇರಿಸಿಕೊಳ್ಳಬೇಕು. ಸ್ನಾಯು ದಪ್ಪವಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಏಕನೃತ್ಯ ಮುಗಿದು ಫುಯೆತೆ ಶುರುವಾಗುವ ಮುನ್ನ ಸಿಗುವ ಒಂದೆರಡು ನಿಮಿಷದಲ್ಲಿ ಎಷ್ಟು ಚೇತರಿಸಿಕೊಳ್ಳುತ್ತಾಳೆ ಎಂಬುದನ್ನು ನಿರ್ಧರಿಸುವುದು ಈ ಸಾಮರ್ಥ್ಯವೇ.

ಊಟದ ಬಗ್ಗೆ ಕಟುವಾಗಿಯೇ ಹೇಳಬೇಕಿದೆ, ಏಕೆಂದರೆ ಬ್ಯಾಲೆಯಲ್ಲಿ ಅತಿ ಹೆಚ್ಚು ಹಾನಿ ಆಗಿರುವುದು ಇಲ್ಲಿ. ಲೆಕ್ಕ ಹೀಗಿದೆ. 50 ಕಿಲೋ ತೂಕದ ನರ್ತಕಿಯ ದೇಹದಲ್ಲಿ 10 ಕಿಲೋ ಕೊಬ್ಬು ಎಂದುಕೊಳ್ಳಿ, ಉಳಿದದ್ದು 40 ಕಿಲೋ. ಕುಣಿತಕ್ಕೆ ಖರ್ಚಾದದ್ದನ್ನು ಕಳೆದ ಮೇಲೆ ಆ 40 ಕಿಲೋಗೆ ತಲಾ 45 ಕಿಲೋಕ್ಯಾಲೊರಿ, ಅಂದರೆ ದಿನಕ್ಕೆ 1800, ಉಳಿದರೆ ದೇಹ ನೆಮ್ಮದಿಯಾಗಿರುತ್ತದೆ. ತಲಾ 30ಕ್ಕಿಂತ, ಅಂದರೆ 1200ಕ್ಕಿಂತ, ಕೆಳಗಿಳಿದರೆ ಅಪಾಯ. 1500 ತಿಂದು 600 ಕುಣಿದು ಕಳೆದವಳ ಬಳಿ ಉಳಿಯುವುದು ಬರೀ 900. ಮಿದುಳು ಇದನ್ನು ಬರಗಾಲ ಎಂದೇ ಓದುತ್ತದೆ, ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಆಜ್ಞೆಯನ್ನು ಕಡಿತಗೊಳಿಸುತ್ತದೆ. ಮುಟ್ಟು ತಪ್ಪುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮೂಳೆ ಕಟ್ಟುವುದಕ್ಕಿಂತ ಕರಗುವುದು ಹೆಚ್ಚಾಗುತ್ತದೆ. ಕೊನೆಗೆ ಪಾದದ ಎರಡನೆಯ ಉದ್ದ ಮೂಳೆಯ ಬುಡದಲ್ಲಿ ಕೂದಲೆಳೆಯ ಬಿರುಕು. ಬ್ಯಾಲೆ ನರ್ತಕಿಯರಲ್ಲಿ ಮತ್ತೆ ಮತ್ತೆ ಕಾಣುವ ಬಿರುಕು ಇದು. ಆ ಮೂಳೆ ಅಕ್ಕಪಕ್ಕದ ಮೂಳೆಗಳ ನಡುವೆ ಗಟ್ಟಿಯಾಗಿ ಬೆಣೆಯಂತೆ ಕೂತಿರುವುದರಿಂದ ಬಾಗಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಈ ಇಡೀ ಸರಪಳಿಗೆ 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ರೆಡ್-ಎಸ್ (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ) ಎಂದು ಹೆಸರಿಟ್ಟರು. ಮೂರು ತಿಂಗಳು ಮುಟ್ಟಾಗದಿದ್ದರೆ, 15 ದಾಟಿದರೂ ಮೊದಲ ಮುಟ್ಟು ಬರದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಕುಣಿಯುವ ಹುಡುಗಿಯರಿಗೆ ಇದೆಲ್ಲ ಸಹಜ ಎಂದು ಯಾರು ಹೇಳಿದರೂ ಒಪ್ಪಬೇಡಿ.

ಪ್ರದರ್ಶನದ ದಿನ ಪೂರ್ತಿ ಊಟ ಮೂರು ನಾಲ್ಕು ಗಂಟೆ ಮೊದಲೇ ಮುಗಿದಿರಲಿ. ಕಾಲಿನ ಸ್ನಾಯು ರಕ್ತ ಬೇಡಿದಾಗ ಕರುಳಿನ ಪಾಲು ಕಡಿಮೆಯಾಗುತ್ತದೆ, ಅರಗದ ಅನ್ನ ಹೊಟ್ಟೆಯಲ್ಲೇ ಕುಳಿತು ಓಕರಿಕೆ ತರುತ್ತದೆ. ಒಂದು ಗಂಟೆ ಮುಂಚೆ ಬಾಳೆಹಣ್ಣಿನಂಥದ್ದು ಸಾಕು.

ಬೆವರಿಗೂ ಈ ಕತೆಯಲ್ಲಿ ಪಾತ್ರವಿದೆ. ದೀಪಗಳ ಕೆಳಗೆ ಚರ್ಮ ಬೆವರಿ ದೇಹವನ್ನು ತಂಪಾಗಿಡುತ್ತದೆ. ಅದೇ ಬೆವರು ಬೂಟಿನೊಳಗಿನ ಅಂಟನ್ನು ನೆನೆಸುತ್ತದೆ. ಮೂತಿ ಮೆತ್ತಗಾದ ಬೂಟಿನಲ್ಲಿ ಬೆರಳು ತುದಿಯ ಪಟ್ಟೆಗೆ ಜಾರಿ ಕುಸಿಯುತ್ತವೆ, ಬೂಟು ಹಿಡಿಯುತ್ತಿದ್ದ ಭಾರವೆಲ್ಲ ಹೆಬ್ಬೆರಳಿನ ಆ ಉದ್ದ ಸ್ನಾಯುವಿಗೆ ವರ್ಗವಾಗುತ್ತದೆ. ಮುಖ್ಯ ಪಾತ್ರದವರು ಒಂದೇ ಪ್ರದರ್ಶನದಲ್ಲಿ ಒಂದಕ್ಕಿಂತ ಹೆಚ್ಚು ಜೋಡಿ ಬದಲಿಸುವುದು ಇದಕ್ಕೇ. ಎರಡನೆಯ ಅಂಕದಲ್ಲಿ ಅದೇ ನರ್ತಕಿ ಆಡುವ ಬಿಳಿಹಂಸದ ಪಾತ್ರಕ್ಕೆ ಸದ್ದಿಲ್ಲದ ಮೆತ್ತನೆಯ ಜೋಡಿ ನಡೆಯುತ್ತದೆ; ಮೂರನೆಯ ಅಂಕದ ಫುಯೆತೆಗೆ ಗಟ್ಟಿ ಜೋಡಿಯೇ ಬೇಕು.

ಅಭ್ಯಾಸದಲ್ಲಿ 32ನ್ನು ದಿನಾ ಹಾಕುವ ಹಟ ಬೇಡ. ನೆಲದ ಮೇಲೆ ಟೇಪಿನಿಂದ ಒಂದು ಅಡಿ ಅಗಲದ ಚೌಕ ಅಂಟಿಸಿ, ಅದರೊಳಗೆ ನಿಂತು ಶುರುಮಾಡಿ. ಹಿಮ್ಮಡಿ ಚೌಕದಿಂದ ಹೊರಗೆ ಬಿದ್ದ ಸುತ್ತು ಎಷ್ಟನೆಯದು ಎಂದು ಬರೆದಿಟ್ಟುಕೊಳ್ಳಿ. ಹನ್ನೊಂದನೆಯದಾಗಿದ್ದರೆ ಆ ವಾರದ ಅಭ್ಯಾಸ ಎಂಟೆಂಟರ ಮೂರು ಕಂತು, ನಡುವೆ ಎರಡೆರಡು ನಿಮಿಷ ಬಿಡುವು. ಹನ್ನೊಂದರ ನಂತರದ ಸುತ್ತುಗಳನ್ನು ಹಟದಿಂದ ಎಳೆದರೆ ಕಿರುಮೆದುಳು ಕಲಿಯುವುದು ಓರೆಯಾದ ಅಕ್ಷವನ್ನೇ. ಎಂಟರಲ್ಲಿ ಎಂಟೂ ಚೌಕದೊಳಗೆ ಬಿದ್ದು, ಉಸಿರು ಕಟ್ಟದೆ ಮುಗಿದ ಮೇಲೆ ಕಂತನ್ನು ಹತ್ತಕ್ಕೆ ಏರಿಸಿ. ಇನ್ನೊಂದು ಕಾಲಿನ ಮೇಲೂ ಅಷ್ಟೇ ಹಾಕಿ, ವೇದಿಕೆಯಲ್ಲಿ ಯಾರೂ ಅದನ್ನು ಕೇಳದಿದ್ದರೂ.